ಮೈಮ್ಯಾಲೆ ಖಬರ್ ಐತೇನು?

1/10

ಮೊದಲ ಫೋಟೋ ನೋಡ್ರಿ. ಸೆಮಿನಾರ್ ಹಾಲ್, ಕಣ್ಣು ಮುಚ್ಚಿ ಕೂತ ಇನ್ನೂರು ಮಂದಿ. ಎಲ್ಲರ ಮುಖ ಬ್ಲರ್ ಮಾಡೀನಿ. ಆದ್ರೂ ಮೂರನೇ ಸಾಲಿನಲ್ಲಿ ಒಂದು ಕಣ್ಣು ತೆರೆದು ನೋಡ್ತಿರೋದು ನಾನೇ ಅಂತ ಕ್ಲಾಸಿನವರಿಗೆ ಗೊತ್ತಾಗೇ ಆಗ್ತೈತಿ.

ಕಾಲೇಜಿನ ಹೆಸರು ಬರೆಯಲ್ಲ, ಕಾರ್ಯಕ್ರಮ ನಡೆಸಿಕೊಟ್ಟವರ ಹೆಸರೂ ಬ್ಯಾಡ. ವಿಷಯ ಮಾತ್ರ ಹೇಳ್ತೀನಿ: "ಬಿಡುವಿಲ್ಲದ ಬದುಕಿನಲ್ಲಿ ಮೈಂಡ್‌ಫುಲ್‌ನೆಸ್". ಒಂದೂವರೆ ತಾಸು. ಅಟೆಂಡೆನ್ಸ್ ಕಡ್ಡಾಯ. ವೇದಿಕೆ ಮೇಲಿದ್ದ ಸರ್ ಮೈಕ್ ಹಿಡಿದು, "ಉಸಿರಿನ ಮೇಲೆ ಗಮನ ಇಡ್ರಿ. ಒತ್ತಡ ಹೊರಗಿನಿಂದ ಬರೋದಿಲ್ಲ, ನಿಮ್ಮ ಮನಸ್ಸಿನೊಳಗೇ ಹುಟ್ಟುತ್ತದೆ" ಅಂದ್ರು. ಫೋಟೋಗ್ರಾಫರ್ ಸಾಲುಗಳ ನಡುವೆ ಮೂರು ಸಲ ಓಡಾಡಿದ. ಆಮೇಲೆ ಯಾರೋ ಹಿಂದಿನಿಂದ, "ಇನ್ನೊಂದು ನಿಮಿಷ ಕಣ್ಣು ತೆಗೀಬ್ಯಾಡ್ರಿ, ಬ್ಯಾನರ್ ಬಂದಿಲ್ಲ ಫೋಟೋದಾಗ" ಅಂತ ಕೂಗಿದ್ರು. ನಾನು ಕಣ್ಣು ತೆರೆದದ್ದು ಆಗಲೇ.

ಮರುದಿನ ನೋಟಿಸ್ ಬೋರ್ಡಿಗೆ ಇಂಟರ್ನಲ್ಸ್ ಟೈಮ್‌ಟೇಬಲ್ ಬಿತ್ತು. ಮೂರು ದಿನದಲ್ಲಿ ಐದು ಟೆಸ್ಟ್. ಅದೇ ವಾರ ಎರಡು ಅಸೈನ್‌ಮೆಂಟ್. ಅದೇ ವಾರ ಪರೀಕ್ಷಾ ಫೀಸಿನ ಕೊನೆಯ ದಿನ.

ಒಬ್ಬ ಮನುಷ್ಯ ನಿಮ್ಮ ಕಾಲ ಮೇಲೆ ನಿಂತಾನ ಅಂತ ಇಟ್ಕೊಳ್ರಿ. ನೀವು "ಅಯ್ಯೋ" ಅಂತೀರಿ. ಆತ ತನ್ನ ಕಾಲು ತೆಗೆಯಂಗಿಲ್ಲ. "ನೋವಿನ ಮೇಲೆ ಗಮನ ಇಡು, ಅದನ್ನ ಒಪ್ಪಿಕೋ" ಅಂತಾನ.

ಈ ಸಿಟ್ಟಿನಿಂದ ಶುರುವಾದ ಬರಹ ಇದು. ಒಂದು ಕ್ಯಾಪ್ಷನ್‌ನಲ್ಲಿ ಹಿಡಿಯಲ್ಲ, ಹತ್ತು ಆಗ್ತಾವ. ಸೇವ್ ಮಾಡಿಟ್ಟು ಆಮೇಲೆ ಓದ್ತೀನಿ ಅನ್ನಬ್ಯಾಡ್ರಿ. ನಾನೂ ಹಂಗೇ ಸೇವ್ ಮಾಡಿದ್ದು ಎಷ್ಟೋ ಅದಾವ, ಒಂದನ್ನೂ ಮತ್ತೆ ತೆರೆದು ನೋಡಿಲ್ಲ.

2/10

ಮೊದಲೇ ಒಂದು ಮಾತು. ಮೈಂಡ್‌ಫುಲ್‌ನೆಸ್ ಸುಳ್ಳು ಅಂತ ನಾನು ಹೇಳ್ತಿಲ್ಲ. ಅದು ಖರೇ ಇದ್ದದ್ದಕ್ಕೇ ಸಿಟ್ಟು. ಸುಳ್ಳು ಸರಕನ್ನ ಮಾರಿದ್ರ ನಕ್ಕು ಬಿಡಬಹುದಿತ್ತು.

ಪದದ ಕಥೆ ಕೇಳ್ರಿ. ಬುದ್ಧನ ಮಾತುಗಳು ಪಾಲಿ ಭಾಷೆಯಲ್ಲಿ ಅದಾವ, ಅಲ್ಲಿ ಇದಕ್ಕೆ "ಸತಿ" ಅಂತಾರ. (ನಮ್ಮ ಸತಿ-ಪತಿಯ ಸತಿ ಅಲ್ಲ. ಸಂಸ್ಕೃತದ "ಸ್ಮೃತಿ"ಯ ಪಾಲಿ ರೂಪ.) ರೀಸ್ ಡೇವಿಡ್ಸ್ ಅನ್ನೋ ವಿದ್ವಾಂಸ 1881ರ ಅನುವಾದದಲ್ಲಿ ಅದಕ್ಕೆ ಮೈಂಡ್‌ಫುಲ್‌ನೆಸ್ ಅನ್ನೋ ಇಂಗ್ಲಿಷ್ ಪದ ಬಳಸಿದ. ಮುಂದೆ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜಿನಲ್ಲಿ ಜಾನ್ ಕಬಾಟ್-ಝಿನ್ ಅನ್ನೋರು ತೀರದ ನೋವಿನ ರೋಗಿಗಳಿಗೆ ಒಂದು ಕೋರ್ಸ್ ಶುರು ಮಾಡಿದ್ರು. ಅಲ್ಲಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಕಂಪನಿ, ಕಂಪನಿಯಿಂದ ಆ್ಯಪ್, ಆ್ಯಪ್‌ನಿಂದ ನಮ್ಮ ಸೆಮಿನಾರ್ ಹಾಲ್.

ಕನ್ನಡದಲ್ಲಿ ಇದಕ್ಕೆ ಏನಂತಾರ ಅಂತ ಹುಡುಕಿದ್ರ "ಸಾವಧಾನತೆ" ಸಿಗ್ತೈತಿ, "ಪೂರ್ಣ ಅರಿವು" ಸಿಗ್ತೈತಿ. ಬ್ಯಾನರ್‌ಗೆ ಚಲೋ ಪದಗಳು. ಆದ್ರ ವಿಜಯಪುರದ ಪ್ರತಿ ಮನ್ಯಾಗ ದಿನಕ್ಕ ಹತ್ತು ಸಲ ಬರೋ ಪದ ಒಂದು ಐತಿ. ಹಾಲು ಉಕ್ಕಿಸಿದಾಗ, ಬಾಗಿಲು ತೆರೆದಿಟ್ಟು ಹೋದಾಗ, ಕೈಯಾಗಿನ ಲೋಟ ಬಿದ್ದಾಗ ಅವ್ವ ಏನಂತಾಳ?

"ಮೈಮ್ಯಾಲೆ ಖಬರ್ ಐತೇನು ನಿಂಗ?"

ಖಬರ್ ಅರಬ್ಬಿ ಮೂಲದ ಪದ. ಅಲ್ಲಿ ಅದಕ್ಕೆ ಸುದ್ದಿ ಅಂತ ಅರ್ಥ. ಆದಿಲ್‌ಶಾಹಿ ಊರಿನ ಮಂದಿ ನಾವು, ಇಂಥ ಪದ ನಮ್ಮ ಬಾಯಾಗ ಇರೋದು ಸಹಜ. ಆದ್ರ ನಾವು ಅದನ್ನ ಮೈಗೆ ಹಚ್ಚಿದಿವಿ. ನಿನ್ನ ಮೈಯ ಸುದ್ದಿ ನಿನಗ ಗೊತ್ತೈತೇನು? ನಿನ್ನ ಕೈ ಈಗ ಏನು ಮಾಡ್ತೈತಿ, ನಿನ್ನ ಕಾಲು ಎಲ್ಲಿ ಐತಿ, ನಿನಗ ಗೊತ್ತೈತೇನು?

ಇದಕ್ಕಿಂತ ಸರಿಯಾದ ಅನುವಾದ ಯಾವ ಪ್ರೊಫೆಸರೂ ಮಾಡಿಲ್ಲ. ಇನ್ನು ಮುಂದೆ ನಾನು ಖಬರ್ ಅಂತಲೇ ಬರೀತೀನಿ.

3/10

ನಿಮ್ಮ ಫೀಡ್‌ನಲ್ಲೂ ಬರ್ತಾವಲ್ಲ: ಮುಂಜಾನೆ ಐದಕ್ಕೆ ಏಳು, ಬಿಳಿ ಗೋಡೆ, ಕುಂಡದಾಗ ಒಂದು ಗಿಡ, ಗ್ರೀನ್ ಟೀ, ದಪ್ಪ ಡೈರಿ, ಹಿಂದೆ ಕೊಳಲಿನ ಸದ್ದು. "ನಿನಗಾಗಿ ಒಂದು ತಾಸು ತೆಗೆದಿಡು."

ನಮ್ಮವ್ವ ಮದುವೆಯಾದ ದಿನದಿಂದ 5 ಎಎಂ ಕ್ಲಬ್ಬಿನ ಮೆಂಬರ್. ಯಾರೂ ಆಕಿಗೆ ಸರ್ಟಿಫಿಕೇಟ್ ಕೊಟ್ಟಿಲ್ಲ. ಜೋಳದ ಹಿಟ್ಟಿಗೆ ಎಸರು ಹಾಕಿ, ನಾದಿ, ಬಡಿದು, ಹಂಚಿಗೆ ಹಾಕಿ, ಮ್ಯಾಲೆ ಒದ್ದಿ ಅರಿವಿಯಿಂದ ನೀರು ಸವರ್ತಾಳ. ಆ ನೀರು ಆರೋ ಹೊತ್ತಿಗೆ ಸರಿಯಾಗಿ ರೊಟ್ಟಿ ತಿರುವಬೇಕು. ಮೊದಲೇ ತಿರುವಿದ್ರ ಹಂಚಿಗೆ ಹತ್ತತೈತಿ, ತಡವಾದ್ರ ಬಿರಿತೈತಿ. ನಾನು ಒಂದ್ಸಲ ಫೋನ್ ಮಗ್ಗುಲಕ್ಕ ಇಟ್ಕೊಂಡು ರೊಟ್ಟಿ ಮಾಡಿದೆ. ಆರು ರೊಟ್ಟಿಯಲ್ಲಿ ನಾಲ್ಕು ಎಮ್ಮಿಗೆ ಹೋದ್ವು. (ಎಮ್ಮಿ ನಮ್ಮದಲ್ಲ, ಮಗ್ಗುಲ ಮನಿಯವರದು.)

ಇಲ್ಲಿ ಒಂದು ಮೋಸದ ಮಾತು ಬರೋ ಸಾಧ್ಯತೆ ಐತಿ, ಅದನ್ನ ನಾನೇ ತಡೀತೀನಿ. "ನೋಡ್ರಿ, ನಮ್ಮ ತಾಯಂದಿರೇ ನಿಜವಾದ ಧ್ಯಾನಿಗಳು" ಅಂತ ಬರೆದು, ಅವ್ವನ ಕಪ್ಪು-ಬಿಳುಪು ಫೋಟೋ ಹಾಕಿ, ಸಾವಿರ ಲೈಕ್ ತಗೋಬಹುದು. ಆ ಮಾತನ್ನ ಅವ್ವನಿಗೇ ಹೇಳಿ ನೋಡಿದೆ.

"ಧ್ಯಾನನೂ ಇಲ್ಲ ಏನೂ ಇಲ್ಲ. ಸೊಂಟ ನೋಯ್ತೈತಿ. ಆ ಬುಟ್ಟಿ ಇಲ್ಲಿ ತಾ."

ಅಷ್ಟೇ. ಆಕಿಯ ಖಬರ್ ದೊಡ್ಡದು, ಖರೇ. ಆದ್ರ ಅದು ಆಕಿ ಆರಿಸಿಕೊಂಡದ್ದಲ್ಲ, ತಪ್ಪಿಸಿಕೊಳ್ಳಾಕ ಆಗದೇ ಇರೋದು. ಆಕಿಗೆ ಬೇಕಾಗಿರೋದು ಕೊಳಲಿನ ಸದ್ದಲ್ಲ, ಇನ್ನೊಂದು ಜೋಡಿ ಕೈ. ನನ್ನ ತಮ್ಮನಿಗೆ ಎರಡು ಕೈ ಅದಾವ. ಎರಡೂ ಆ ಹೊತ್ತಿಗೆ ಚಾದರಿನೊಳಗ ಇರ್ತಾವ.

"ನಿನಗಾಗಿ ಒಂದು ತಾಸು" ಅನ್ನೋ ರೀಲ್‌ಗಳು ಆ ಒಂದು ತಾಸು ಯಾರ ಬೆನ್ನಿನಿಂದ ಬರ್ತೈತಿ ಅಂತ ಹೇಳಂಗಿಲ್ಲ. ಬಬಲೇಶ್ವರದಾಚೆಯ ಹಳ್ಳಿಯಿಂದ ಮನಿ ಕೆಲಸ ಮುಗಿಸಿ, ಬಸ್ಸಿನಾಗ ನಿಂತೇ ಬರೋ ನಮ್ಮ ಕ್ಲಾಸಿನ ಹುಡುಗಿಗೆ ನೀವು "ಮಾರ್ನಿಂಗ್ ರೂಟೀನ್ ಮಾಡ್ಕೋ" ಅಂದ್ರ ಆಕಿ ನಗ್ತಾಳ. ನಗಲೇಬೇಕು.

4/10

ಈಗ ಅಂಗಡಿಯ ಲೆಕ್ಕ. ಬಿಕಾಂ ಮಂದಿ ನಾವು, ಇಷ್ಟಾದ್ರೂ ಬರಬೇಕು.

ಈ ಆ್ಯಪ್‌ನ ಮಾಲೀಕ ಕಂಪನಿ ಮೆಟಾ. 2023ರಲ್ಲಿ ಅದರ ಒಟ್ಟು ಆದಾಯ ಸುಮಾರು 13,490 ಕೋಟಿ ಡಾಲರ್. ಅದರಲ್ಲಿ ಜಾಹೀರಾತಿನಿಂದ ಬಂದದ್ದು ಸುಮಾರು 13,190 ಕೋಟಿ. ಅಂದ್ರ ನೂರಕ್ಕ 97ಕ್ಕಿಂತ ಹೆಚ್ಚು. ಕಾಸ್ಟಿಂಗ್ ಕ್ಲಾಸಿನಲ್ಲಿ ಕೇಳೋ ಪ್ರಶ್ನೆ ಕೇಳ್ರಿ: ಈ ಕಂಪನಿಯ ಸ್ಟಾಕ್ ಯಾವುದು? ಗೋಡೌನಿನಲ್ಲಿ ಏನಿಟ್ಟು ಮಾರ್ತಾರ?

ನಮ್ಮ ಲಕ್ಷ್ಯ. ನೀವು ಈಗ ಈ ಸಾಲು ಓದ್ತಿರೋ ಕಣ್ಣು. ಅದೇ ಸರಕು. ಕಚ್ಚಾ ಮಾಲಿಗೆ ಅವರು ನಮಗೆ ಒಂದು ರೂಪಾಯಿನೂ ಕೊಡಂಗಿಲ್ಲ.

ಮೊದಲು ವೆಬ್ ಪುಟಗಳಿಗೆ ಕೊನೆ ಅಂತ ಇತ್ತು. ಕೆಳಗೆ ಬಂದ್ರ "ಮುಂದಿನ ಪುಟ" ಅಂತ ಒತ್ತಬೇಕಿತ್ತು. ಒತ್ತೋ ಮೊದಲು ಅರೆಕ್ಷಣ ಸಿಗ್ತಿತ್ತು: ಸಾಕೇನು, ಬೇಕೇನು? 2006ರಲ್ಲಿ ಆಝಾ ರಾಸ್ಕಿನ್ ಅನ್ನೋ ಡಿಸೈನರ್ ಆ ಅರೆಕ್ಷಣ ತೆಗೆದುಹಾಕೋ ವಿಧಾನ ಮಾಡಿದ, ಕೊನೆಯೇ ಇಲ್ಲದ ಸ್ಕ್ರೋಲ್. ಆಮೇಲೆ ಆತನೇ ಇದಕ್ಕ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟ. ಇದು ಕಾಲೇಜಿನ ಡಿಬೇಟಿನ ಮಾತಲ್ಲ, ಮಾಡಿದವನದೇ ಮಾತು.

ಖಬರ್ ಹುಟ್ಟೋದೇ ಆ ಅರೆಕ್ಷಣದಾಗ. ಅದನ್ನ ಕಿತ್ತುಕೊಂಡು, ಅದೇ ಪರದೆಯ ಮೇಲೆ ಮೂರನೇ ರೀಲ್‌ಗೆ "ಈ ಕ್ಷಣದಲ್ಲಿ ಬದುಕು" ಅಂತ ತೋರಿಸ್ತಾರ. ನಾಲ್ಕನೇದಕ್ಕ ಧ್ಯಾನದ ಆ್ಯಪ್‌ನ ಜಾಹೀರಾತು. ವರ್ಷದ ಚಂದಾ ಕಟ್ಟಿದ್ರ ಒಬ್ಬರು ಮೆಲ್ಲಗೆ "ಉಸಿರಾಡು" ಅಂತಾರ. ಬಾವಿಗೆ ಕಲ್ಲು ಮುಚ್ಚಿ, ಪಕ್ಕದಾಗ ನಿಂತು ನೀರಿನ ಬಾಟ್ಲಿ ಮಾರೋ ವ್ಯಾಪಾರ ಇದು.

"ಅಕ್ಕಾ, ಹಂಗಂದ್ರ ನೀನ್ಯಾಕ ಇಲ್ಲೇ ಬರೀತಿ?" ಅಂತ ಡಿಎಂ ಬರೋದು ಗ್ಯಾರಂಟಿ. ಯಾಕಂದ್ರ ನೀವು ಇಲ್ಲೇ ಇದ್ದೀರಿ. ಜಾತ್ರ್ಯಾಗ ಕಳೆದುಹೋದವರನ್ನ ಜಾತ್ರ್ಯಾಗೇ ನಿಂತು ಕೂಗಬೇಕು.

5/10

ಈಗ ನನ್ನ ತಪ್ಪು. ಈ ಫೋಟೋದಲ್ಲಿರೋದು ಒಂದು ಪೆನ್ಸಿಲ್, ಅಷ್ಟೇ. ಯಾಕಂತ ಕೊನೆಗೆ ತಿಳೀತೈತಿ.

ಸಂಜೆ ನಾನು ಒಂದು ಟ್ಯಾಕ್ಸ್ ಆಫೀಸಿನಲ್ಲಿ ಟ್ಯಾಲಿ ಎಂಟ್ರಿ ಮಾಡಾಕ ಹೋಗ್ತೀನಿ. ಜಿಎಸ್‌ಟಿ ರಿಟರ್ನ್‌ನ 20ನೇ ತಾರೀಖು ಹತ್ತಿರ ಬಂದ್ರ ಅಲ್ಲಿ ಯಾರೂ ಚಹಾ ಬಿಸಿ ಇದ್ದಾಗ ಕುಡಿಯಂಗಿಲ್ಲ. ಅಂಥ ಒಂದು ದಿನ ಒಂದು ಅಂಗಡಿಯ ಬ್ಯಾಂಕ್ ಸ್ಟೇಟ್‌ಮೆಂಟಿಗೂ ನಮ್ಮ ಪುಸ್ತಕಕ್ಕೂ 900 ರೂಪಾಯಿ ವ್ಯತ್ಯಾಸ ಬಂತು. ಏಳು ಗಂಟೆ. ನಾನು ಮ್ಯಾಲಿಂದ ಕೆಳಗೆ, ಕೆಳಗಿಂದ ಮ್ಯಾಲೆ ನೋಡಿದೆ. ಎಂಟು ಗಂಟೆ. ಅಪ್ಪ ಗಾಡಿ ತಗೊಂಡು ಬಂದು ಹೊರಗೆ ನಿಂತಿದ್ರು.

ಅಲ್ಲಿ ಒಬ್ಬ ಹಿರಿಯ ಅಕೌಂಟೆಂಟ್ ಅದಾರ, ನಾವೆಲ್ಲ ಕಾಕಾ ಅಂತೀವಿ. ಕಾಕಾ ಸ್ಕ್ರೀನ್ ನೋಡಲೇ ಇಲ್ಲ.

"ಎಷ್ಟು ಫರಕ್ ಬಂದೈತಿ ಯವ್ವಾ?"

"ಒಂಬೈನೂರು, ಕಾಕಾ."

"ಒಂಬತ್ತರಿಂದ ಭಾಗಿಸು. ಶೇಷ ಉಳೀತೇನು?"

"ಇಲ್ಲ."

"ಹಂಗಾದ್ರ ಅಂಕಿ ಅದಲುಬದಲು ಮಾಡಿದಿ. ಹುಡುಕು."

ಪಕ್ಕಪಕ್ಕದ ಎರಡು ಅಂಕಿ ತಿರುಗಾಮುರುಗಾ ಆದ್ರ ಬರೋ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗ ಹೋಗ್ತೈತಿ. 54ರಲ್ಲಿ 45 ಕಳೀರಿ, 9. 72ರಲ್ಲಿ 27 ಕಳೀರಿ, 45. (ಇಂಟರ್ವ್ಯೂದಾಗ ಕೇಳ್ತಾರ, ಬರೆದಿಟ್ಕೊಳ್ರಿ.) ಹತ್ತು ನಿಮಿಷಕ್ಕೆ ಸಿಕ್ತು. 5,400 ರೂಪಾಯಿಯ ಪೇಮೆಂಟ್ ಅನ್ನ ನಾನು 4,500 ಅಂತ ಹೊಡೆದಿದ್ದೆ. ಟ್ಯಾಲಿ ಏನೂ ಅನ್ನಂಗಿಲ್ಲ. ಡೆಬಿಟ್ಟೂ 4,500, ಕ್ರೆಡಿಟ್ಟೂ 4,500, ಟ್ರಯಲ್ ಬ್ಯಾಲೆನ್ಸ್ ಕೂಡತೈತಿ. ಹೊರಗಿನಿಂದ ನೋಡಿದ್ರ ಎಲ್ಲ ಸರಿ.

ಆ ಎಂಟ್ರಿ ಮಾಡುವಾಗ ಕೀಬೋರ್ಡಿನ ಮಗ್ಗುಲಕ್ಕ ಫೋನ್‌ನಲ್ಲಿ ರೀಲ್ ಓಡ್ತಿತ್ತು. ಯಾವ ರೀಲ್ ಅಂತ ನೆನಪೇ ಇಲ್ಲ. 900 ರೂಪಾಯಿ ತಪ್ಪು, ಎರಡು ತಾಸು, ಅಪ್ಪನ ಕಾಲು ನೋವು, ಇಷ್ಟೆಲ್ಲ ಖರ್ಚು ಹಾಕಿ ನಾನು ಏನು ನೋಡಿದೆ ಅನ್ನೋದೂ ನೆನಪಿಲ್ಲ.

6/10

ಕಾಕಾ ಬೈಯಲಿಲ್ಲ. ಬೈದಿದ್ರ ಚಲೋ ಇತ್ತು. "ನಿನ್ನ ಕೈ ಇಲ್ಲಿತ್ತು, ನೀ ಇರಲಿಲ್ಲ" ಅಂದ್ರು. ಆಮೇಲೆ ತಮ್ಮ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ನನ್ನ ಕೈಗೆ ಕೊಟ್ರು.

"ಬಿಲ್ಲಿನ ಮ್ಯಾಲೆ ತುದಿ ಇಡು. ಅಂಕಿ ಬಾಯಿಂದ ಅನ್ನು. ಹೊಡಿ. ಹೊಡೆದದ್ದನ್ನ ಒಮ್ಮೆ ನೋಡು. ಟಿಕ್ ಹಾಕು. ಆಮೇಲೆ ಮುಂದಿಂದು."

ಇಷ್ಟೇ. ಕಣ್ಣು ಮುಚ್ಚೋದಿಲ್ಲ, ಕೊಳಲಿಲ್ಲ. ಮೊದಲ ದಿನ ನನಗೆ ಹುಚ್ಚು ಹಿಡಿಯೋ ಹಂಗಾಯ್ತು. "ಐದು ಸಾವಿರದ ನಾಲ್ಕು ನೂರು" ಅಂತ ಒಬ್ಬಾಕಿನೇ ಮಣಮಣ ಅನ್ಕೊಂಡು ಕೂತಿದ್ರ ಪಕ್ಕದ ಹುಡುಗ ಮಂತ್ರ ಹೇಳ್ತೀಯೇನು ಅಂತ ಕೇಳಿದ. ಪ್ರತಿ ನಾಲ್ಕನೇ ಬಿಲ್ಲಿಗೆ ಮನಸ್ಸು ಓಡ್ತಿತ್ತು. ಓಡಿದ್ದು ಗೊತ್ತಾದ ಕೂಡಲೇ ಪೆನ್ಸಿಲ್ ತುದಿ ಎಲ್ಲಿತ್ತೋ ಅಲ್ಲಿಗೆ ವಾಪಸ್. ಮತ್ತೆ ಓಡ್ತಿತ್ತು, ಮತ್ತೆ ವಾಪಸ್. ಒಂದು ವಾರ ಕಳೆದ ಮ್ಯಾಲೆ ತಿಳೀತು, ಆ ಕಾರ್ಯಾಗಾರದ ಸರ್ ಉಸಿರಿನ ಬಗ್ಗೆ ಹೇಳಿದ್ದು ಇದನ್ನೇ. ಮನಸ್ಸು ಓಡ್ತೈತಿ, ಓಡಿದ್ದನ್ನ ನೋಡು, ಕರೆದುಕೊಂಡು ಬಾ. ಅವರು ಹೇಳಿದ್ದು ತಪ್ಪಿರಲಿಲ್ಲ. ಅದನ್ನ ಹೇಳಿದ ಜಾಗ, ಹೇಳಿದ ಕಾರಣ, ಬ್ಯಾನರಿನ ಫೋಟೋ, ಇವು ತಪ್ಪಿದ್ದವು.

ನಮ್ಮ ಕ್ಲಾಸಿನ ತಿಕೋಟಾ ಕಡೆಯ ದೋಸ್ತ್‌ಗೆ ಇದನ್ನ ಹೇಳಿದೆ. ಅವರ ಮನ್ಯಾಗ ದ್ರಾಕ್ಷಿ ತೋಟ ಐತಿ. ಆತ ಅಂದ: "ಇದರಾಗ ಹೊಸಾದೇನೈತಿ? ಬಳ್ಳಿ ಕತ್ತರಿಸುವಾಗ ಎಷ್ಟನೇ ಕಣ್ಣಿನ ಮ್ಯಾಲೆ ಕತ್ತರಿ ಇಡಬೇಕು ಅಂತ ಒಂದೊಂದೇ ಟೊಂಗಿ ನೋಡಬೇಕು. ಖಬರ್ ತಪ್ಪಿ ಕತ್ತರಿಸಿದ್ರ ಆ ಟೊಂಗಿಗೆ ಆ ವರ್ಷ ಹಣ್ಣಿಲ್ಲ." ಕತ್ತರಿ ಹಿಡಿದಾಗ ಫೋನ್ ಎಲ್ಲಿರ್ತೈತಿ ಅಂತ ಕೇಳಿದೆ. ಮರದ ಟೊಂಗಿಗೆ ಚೀಲ ಕಟ್ಟಿ ಅದರಾಗ ಇಡ್ತಾರಂತ. ಅಪ್ಪನ ಆರ್ಡರ್.

7/10

ಪೆನ್ಸಿಲ್ ಹಿಡಿದು ಖಬರ್ ಕಲಿಯೋದು ಕಾಕಾನ ಹುಚ್ಚು ಅನ್ಕೋಬ್ಯಾಡ್ರಿ. ಇದಕ್ಕೊಂದು ದೊಡ್ಡ ಕಥೆ ಐತಿ, ಅದೂ ನಮ್ಮ ಲೈನಿನದೇ.

ಬರ್ಮಾದಲ್ಲಿ ಊ ಬಾ ಖಿನ್ ಅಂತ ಒಬ್ಬರಿದ್ರು. ಹುಟ್ಟಿದ್ದು 1899. ರಂಗೂನಿನ ಅಕೌಂಟೆಂಟ್ ಜನರಲ್ ಆಫೀಸಿಗೆ ಗುಮಾಸ್ತರಾಗಿ ಸೇರಿದ್ರು. 1937ರಲ್ಲಿ ಧ್ಯಾನ ಕಲಿತರು. ಕಲಿಸಿದ ಗುರು ಸನ್ಯಾಸಿ ಅಲ್ಲ, ಒಬ್ಬ ರೈತ. 1948ರಲ್ಲಿ ಬರ್ಮಾ ಸ್ವತಂತ್ರ ಆದಾಗ ಆ ದೇಶದ ಮೊದಲ ಅಕೌಂಟೆಂಟ್ ಜನರಲ್ ಆದವರು ಇದೇ ಊ ಬಾ ಖಿನ್. ಅಂದ್ರ ಹೊಸ ದೇಶದ ಪೂರ್ತಿ ಲೆಕ್ಕಪತ್ರ ಅವರ ತಲೆ ಮೇಲೆ. ಆ ಕೆಲಸದ ನಡುವೆಯೇ ಆಫೀಸಿನ ನೌಕರರಿಗೆ ಅಲ್ಲೇ ವಿಪಸ್ಸನ ಕಲಿಸಿದ್ರು. 1952ರಲ್ಲಿ ರಂಗೂನಿನಲ್ಲಿ ಒಂದು ಧ್ಯಾನ ಕೇಂದ್ರ ಕಟ್ಟಿದ್ರು. 1967ರವರೆಗೂ ಸರ್ಕಾರಿ ಕೆಲಸ ಬಿಡಲಿಲ್ಲ. ಒಂದೇ ಹೊತ್ತಿಗೆ ಒಂದಕ್ಕಿಂತ ಹೆಚ್ಚು ಇಲಾಖೆ ನೋಡಿಕೊಂಡವರು ಅವರು. "ಟೈಮ್ ಇಲ್ಲ" ಅನ್ನೋ ಹಕ್ಕು ಯಾರಿಗಾದ್ರೂ ಇದ್ದಿದ್ರ ಅವರಿಗಿತ್ತು.

1955ರಲ್ಲಿ ಅವರ ಹತ್ರ ಮಂಡಾಲೆಯಲ್ಲಿ ಹುಟ್ಟಿದ ಒಬ್ಬ ಮಾರ್ವಾಡಿ ವ್ಯಾಪಾರಿ ಬಂದ. ಘೋರ ಮೈಗ್ರೇನ್, ಯಾವ ಔಷಧಕ್ಕೂ ಬಗ್ಗದ್ದು. ತಲೆನೋವು ಹೋಗಲಿ ಅಂತ ಬಂದಿದ್ದೀನಿ ಅಂದಾಗ, ಅದಕ್ಕಾದ್ರ ಬರಬ್ಯಾಡ್ರಿ ಅನ್ನೋ ಅರ್ಥದ ಮಾತು ಹೇಳಿದ್ರಂತ ಊ ಬಾ ಖಿನ್. ಧ್ಯಾನವನ್ನ ತಲೆನೋವಿನ ಗುಳಿಗೆ ಮಾಡೋದು ಅವರಿಗೆ ಒಪ್ಪಿಗೆ ಇರಲಿಲ್ಲ. ಆ ವ್ಯಾಪಾರಿನೇ ಎಸ್.ಎನ್. ಗೋಯೆಂಕಾ. 1969ರಲ್ಲಿ ಭಾರತಕ್ಕೆ ಬಂದು ಹತ್ತು ದಿನದ ಶಿಬಿರಗಳನ್ನ ಶುರು ಮಾಡಿದವರು, ಇಗತ್‌ಪುರಿಯ ಕೇಂದ್ರ ಅವರದು. ಆ ಶಿಬಿರಗಳಿಗೆ ಇವತ್ತಿಗೂ ಫೀಸಿಲ್ಲ, ಮೊದಲು ಕಲಿತು ಹೋದವರ ದಾನದಿಂದ ನಡೀತಾವ. ವರ್ಷದ ಚಂದಾ ಕೇಳೋ ಆ್ಯಪ್‌ನವರು ಇದನ್ನ ಒಮ್ಮೆ ಓದಬೇಕು.

ನನಗೆ ಇದರಲ್ಲಿ ಮುಖ್ಯ ಅನ್ನಿಸಿದ್ದು ಬೇರೆ. ಊ ಬಾ ಖಿನ್ ನೌಕರರಿಗೆ ಧ್ಯಾನ ಕಲಿಸಿ, ಕೊಳೆತ ಇಲಾಖೆಗಳನ್ನ ಹಂಗೇ ಬಿಡಲಿಲ್ಲ. ಲಂಚ ಮತ್ತು ಅವ್ಯವಸ್ಥೆ ತುಂಬಿದ್ದ ಕಡೆ ಲೆಕ್ಕ ಸರಿಮಾಡೋ ಹೊಣೆಯನ್ನ ಸರ್ಕಾರ ಅವರಿಗೇ ಹೊರಿಸಿತು, ಅವರು ಹೊತ್ತುಕೊಂಡ್ರು. ಖಬರ್ ಇದ್ದ ಮನುಷ್ಯನಿಗೆ ತಪ್ಪು ಕಾಣತೈತಿ. ಕಂಡದ್ದನ್ನ ಸುಮ್ಮನೆ "ಒಪ್ಪಿಕೊಂಡು" ಉಸಿರಾಡ್ತಾ ಕೂರೋದು ಖಬರ್ ಅಲ್ಲ.

ದೂರ ಯಾಕ, ನಮ್ಮ ಜಿಲ್ಲೆಯ ಬಸವಣ್ಣನೂ ಬಿಜ್ಜಳನ ಭಂಡಾರಿ. ಲೆಕ್ಕದ ಮನುಷ್ಯ. ಆ ಮನುಷ್ಯ ಸುಮ್ಮನೆ ಕೂತಿದ್ನೇನು?

8/10

ಮನಿಗೆ ವಾಪಸ್ ಬರೋಣ, ಜಲನಗರಕ್ಕೆ.

ನಮ್ಮ ಆಯಿ ದಿನಾ ಮುಂಜಾನೆ ಇಷ್ಟಲಿಂಗ ಪೂಜೆ ಮಾಡ್ತಾಳ. ಎಡ ಅಂಗೈಯಾಗ ಲಿಂಗ ಇಟ್ಕೊಂಡು, ಅದನ್ನ ಕಣ್ಣೆದುರು ಹಿಡಿದು ನಿಟ್ಟಿಸಿ ನೋಡ್ತಾಳ. ಹದಿನೈದು ನಿಮಿಷ, ಹೆಚ್ಚಂದ್ರ ಇಪ್ಪತ್ತು. ಅದಕ್ಕೆ ಬ್ಯಾರೆ ಕೋಣಿ ಇಲ್ಲ, ಅಡಿಗಿಮನಿ ಬಾಗಿಲ ಮಗ್ಗುಲಕ್ಕೇ ಮಣಿ ಹಾಕ್ಕೊಂಡು ಕೂರ್ತಾಳ. ಕುಕ್ಕರ್ ಕೂಗ್ತೈತಿ, ತಮ್ಮ ಸಾಕ್ಸ್ ಎಲ್ಲಿ ಅಂತ ಕೂಗ್ತಾನ, ಮೋಟರ್ ಸದ್ದು. ಒಂದಿನ ಪೂಜೆಯ ನಡುವೆಯೇ, ಕಣ್ಣು ಅಂಗೈಯಿಂದ ತೆಗೆಯದೇ ಅಂದ್ಲು: "ಹಾಲು ಉಕ್ಕಾಕತ್ತೈತಿ ನೋಡು."

ನಾನು ಒಲೆ ಮುಂದೇ ನಿಂತಿದ್ದೆ. ನನ್ನ ಅಂಗೈಯಾಗ ಫೋನ್ ಇತ್ತು. ಹಾಲು ನನಗೆ ಕಂಡಿರಲಿಲ್ಲ.

ಧರ್ಮದ ವಾದಕ್ಕೆ ಇದನ್ನ ಬರೀತಿಲ್ಲ. ನಮಾಜ್ ಮಾಡೋ ದೋಸ್ತ್‌ಗಳಿಗೂ, ಏನೂ ಮಾಡದ ದೋಸ್ತ್‌ಗಳಿಗೂ ಈ ಮಾತು ಸೇರ್ತೈತಿ. ಅಂಗೈ ಎಲ್ಲರಿಗೂ ಐತಿ, ಅದರಾಗ ಏನಿಟ್ಟು ನೋಡ್ತೀವಿ ಅಂತ ಕೇಳ್ತಿದ್ದೀನಿ.

ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಬಗ್ಗೆ ಹೇಳದೇ ವಿಜಯಪುರದಾಗ ಈ ವಿಷಯ ಮುಗಿಯಂಗಿಲ್ಲ. ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದವರು. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬ್ಯಾಡ ಅಂದವರು. ಅವರ ಬಿಳಿ ಅಂಗಿಗೆ ಜೇಬು ಇರಲಿಲ್ಲ. ಅವರ ಪ್ರವಚನಕ್ಕೆ ಸಾವಿರಾರು ಮಂದಿ ಕೂತಿರ್ತಿದ್ರು, ಆದ್ರೂ ಮೆಲ್ಲಗಿನ ದನಿ ಕೊನೆಯ ಸಾಲಿನವರಿಗೂ ಕೇಳ್ತಿತ್ತು ಅಂತ ಆಯಿ ಈಗಲೂ ಹೇಳ್ತಾಳ. ಮೈಕ್ ಇತ್ತು, ಖರೇ. ಆದ್ರ ಮೈಕ್ ಎಲ್ಲ ಕಡೆ ಇರ್ತೈತಿ, ಅಂಥ ಮೌನ ಎಲ್ಲ ಕಡೆ ಇರಂಗಿಲ್ಲ. 2023ರ ಜನವರಿ 2ಕ್ಕೆ ಅವರು ತೀರಿಕೊಂಡಾಗ ನಾನು ಪಿಯುಸಿ. ಸೈನಿಕ್ ಸ್ಕೂಲ್ ಮೈದಾನದ ಕಡೆ ಹೊರಟ ಆ ಮಂದಿಯನ್ನ ನೋಡಿದವರು ಮರೆಯಲ್ಲ. ಸ್ಮಾರಕ ಕಟ್ಟಬ್ಯಾಡ್ರಿ, ದೇಹವನ್ನ ಅಗ್ನಿಗೆ ಕೊಡ್ರಿ ಅಂತ ಮೊದಲೇ ಬರೆದಿಟ್ಟಿದ್ರು.

ಈಗ ಅವರ ಒಂದು ತಾಸಿನ ಮಾತನ್ನ ಮೂವತ್ತು ಸೆಕೆಂಡಿಗೆ ಕತ್ತರಿಸಿ, ಅಳು ಬರೋ ಮ್ಯೂಸಿಕ್ ಹಾಕಿ, ಕೆಳಗೆ ಪೇಜಿನ ಹೆಸರು ಹೊಡೆದು ಬಿಡ್ತಾರ. ನಾವು ಹಾರ್ಟ್ ಒತ್ತಿ ಮುಂದಿನ ಡ್ಯಾನ್ಸಿಗೆ ಹೋಗ್ತೀವಿ. ನಾನೂ ಹೋಗೀನಿ. ಒಂದು ಸಲ ಹಟ ಹಿಡಿದು ಪೂರ್ತಿ ಪ್ರವಚನ ಕೇಳಿದೆ, ಆಯಿ ಜೊತೆ, ಫೋನ್ ಆಕಿಯ ಮಗ್ಗುಲಕ್ಕ ಇಟ್ಟು. ಇಪ್ಪತ್ತನೇ ನಿಮಿಷಕ್ಕ ನನ್ನ ಕೈ ತಾನಾಗೇ ಫೋನಿನ ಕಡೆ ಹೋಯ್ತು. ಆಯಿ ಕೈ ಮ್ಯಾಲೆ ಒಂದು ಪೆಟ್ಟು ಕೊಟ್ಲು. ಇಪ್ಪತ್ತು ವರ್ಷದ ಹುಡುಗಿಗೆ!

9/10

ಮೊದಲ ಪೋಸ್ಟುಗಳಿಗೆ ಬಂದ ಡಿಎಂಗಳಿಗೆ ಉತ್ತರ.

"ಟೈಮ್ ಇಲ್ಲ." ಟೈಮ್ ಬೇಡ ಅಂತಲೇ ಇಷ್ಟೊತ್ತು ಬರೆದದ್ದು. ಹೆಂಗೂ ಬಸ್ಸಿನಾಗ ನಿಲ್ತೀರಿ, ಫೋನ್ ಬ್ಯಾಗಿನಾಗ ಹಾಕಿ ಜಿಪ್ ಎಳೆದು ನಿಲ್ರಿ. ಹೆಂಗೂ ಉಣ್ತೀರಿ, ರೊಟ್ಟಿ ನೋಡಿ ಉಣ್ರಿ. ನಾನು ದಿನಾ ಮಾಡೋದು ಮೂರೇ: ಎಂಟ್ರಿಗೆ ಪೆನ್ಸಿಲ್, ಊಟಕ್ಕ ಫೋನ್ ಇಲ್ಲ, ಯಾರಾದ್ರೂ ಮಾತಾಡಿದ್ರ ಪರದೆ ಕೆಳಗೆ ಮುಖ ಮಾಡಿ ಇಡೋದು. ಮೂರನೇದು ಇನ್ನೂ ಸರಿಯಾಗಿ ಬಂದಿಲ್ಲ, ತಮ್ಮನನ್ನ ಕೇಳ್ರಿ.

"ಬೋರ್ ಆಗ್ತೈತಿ ಅಕ್ಕಾ." ಆಗ್ತೈತಿ. ಆಗಲಿ.

"ಧ್ಯಾನಕ್ಕೆ ಕೂತ್ರ ನನಗೆ ಇನ್ನೂ ಹೆದರಿಕೆ ಆಗ್ತೈತಿ." ಈ ಡಿಎಂ ಒಂದೇ ಬಂದದ್ದು, ಆದ್ರ ಇದಕ್ಕೇ ಹೆಚ್ಚು ಬರೀತೀನಿ. ಕಣ್ಣು ಮುಚ್ಚಿದ್ರ ಎಲ್ಲರಿಗೂ ಶಾಂತಿ ಬರಂಗಿಲ್ಲ. ಕೆಲವರಿಗೆ ಮುಚ್ಚಿಟ್ಟದ್ದೆಲ್ಲ ಒಮ್ಮೆಲೇ ಮ್ಯಾಲೆ ಬರ್ತೈತಿ. ಇದು ನಿಮ್ಮ ಕೈಲಾಗದ್ದಲ್ಲ, ನಿಮ್ಮ ತಪ್ಪೂ ಅಲ್ಲ. ನಿದ್ದಿ ಇಲ್ಲ, ಊಟ ಸೇರಲ್ಲ, ಇರೋದೇ ಬ್ಯಾಡ ಅನ್ನಿಸ್ತೈತಿ ಅಂದ್ರ ಅದಕ್ಕೆ "ಉಸಿರಿನ ಮೇಲೆ ಗಮನ ಇಡು" ಅನ್ನೋರ ಮಾತು ಕೇಳಬ್ಯಾಡ್ರಿ. ನಂಬಿಕೆ ಇದ್ದವರಿಗೆ ಹೇಳ್ರಿ, ಡಾಕ್ಟರ್ ಹತ್ರ ಹೋಗ್ರಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಐತಿ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಹಗಲು ರಾತ್ರಿ ಇರ್ತೈತಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರ. ಕಾಲು ಮುರಿದವನಿಗೆ ವಾಕಿಂಗ್ ಹೋಗು ಅನ್ನಂಗಿಲ್ಲ ಅಲ್ವಾ?

"ಮೈಂಡ್‌ಫುಲ್‌ನೆಸ್ ಕಲಿಸಿದ್ದು ಕಾಲೇಜಿನವರ ಒಳ್ಳೇತನ, ನೀನು ಕೊಂಕು ತೆಗೀತಿ." ಕಲಿಸಿದ್ದಕ್ಕೆ ಕೊಂಕಿಲ್ಲ. ಕಲಿಸಿ, ಮರುದಿನ ಆ ಟೈಮ್‌ಟೇಬಲ್ ಹಾಕಿದ್ದಕ್ಕೆ. ಒತ್ತಡ ಪೂರ್ತಿ ನನ್ನ ಮನಸ್ಸಿನೊಳಗೇ ಹುಟ್ಟುತ್ತೆ ಅಂದ್ರ, ಮೂರು ದಿನಕ್ಕೆ ಐದು ಟೆಸ್ಟ್ ಇಟ್ಟದ್ದು ಯಾರ ಮನಸ್ಸು?

10/10

ಕೊನೆಯ ಫೋಟೋ ಗೋಳಗುಮ್ಮಟದ ಒಳಗಿಂದು, ಪಿಸುಗುಡುವ ಮೊಗಸಾಲೆಯಿಂದ ಕೆಳಗೆ ನೋಡಿ ತೆಗೆದದ್ದು.

1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಗೋರಿ ಇದು. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಈ ಕಡೆ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ರ ಆ ಕಡೆ ಗೋಡೆಗೆ ಕಿವಿ ಹಚ್ಚಿದವರಿಗೆ ಕೇಳತೈತಿ. ಪರೀಕ್ಷಿಸಿದವರು ಎಷ್ಟು ಮಂದಿ? ನಾವು ಊರಿನವರೇ ಮ್ಯಾಲೆ ಹೋದ ಕೂಡಲೇ ಸಿಳ್ಳಿ ಹೊಡಿತೀವಿ, ಚಪ್ಪಾಳೆ ತಟ್ಟತೀವಿ, "ಓಯ್" ಅಂತ ಒದರತೀವಿ. ಏಳೆಂಟು ಸಲ ನಮ್ಮ ದನಿನೇ ನಮಗೆ ವಾಪಸ್ ಬರ್ತೈತಿ, ಅದನ್ನ ರೀಲ್ ಮಾಡ್ತೀವಿ.

ಹೋದ ಭಾನುವಾರ ನಾವು ಮೂವರು ಗೆಳತಿಯರು ಬಾಗಿಲು ತೆರೆದ ಕೂಡಲೇ ಹೋದೆವು. ಮ್ಯಾಲೆ ಯಾರೂ ಇರಲಿಲ್ಲ. ಒಬ್ಬಾಕಿ ಆ ಕಡೆ ಹೋಗಿ ಗೋಡೆಗೆ ಮುಖ ಮಾಡಿ ಕೂತ್ಲು. ನನ್ನ ಕಿವಿಗೆ, ಪಕ್ಕದಾಗೇ ನಿಂತು ಹೇಳಿದಂಗ, ಆಕಿಯ ದನಿ ಬಂತು:

"ಫೀಸ್ ಕಟ್ಟಾಕ ರೊಕ್ಕ ಇಲ್ಲಲೇ. ಅಪ್ಪಾಗ ಇನ್ನೂ ಹೇಳಿಲ್ಲ."

ಮೂರು ವರ್ಷ ಒಂದೇ ಬೆಂಚಿನಾಗ ಕೂತೀವಿ. ಇದನ್ನ ಎಷ್ಟು ಸಲ ಹೇಳಾಕ ಬಂದು, ನನ್ನ ಕಣ್ಣು ಫೋನಿನಾಗ ಇದ್ದದ್ದು ನೋಡಿ ಸುಮ್ಮನಾಗಿದ್ಲೋ ಗೊತ್ತಿಲ್ಲ. ಕೇಳೋ ಧೈರ್ಯ ಆಗಿಲ್ಲ. (ಇದನ್ನ ಬರೆಯಾಕ ಆಕಿಯ ಒಪ್ಪಿಗೆ ತಗೊಂಡೀನಿ. ರೊಕ್ಕದ್ದು ನಾವು ಮೂವರು ನೋಡ್ಕೋತೀವಿ, ಯಾರೂ ಡಿಎಂ ಮಾಡಬ್ಯಾಡ್ರಿ.)

ಈಗ ಕೆಲಸದ ಮಾತು. ಒಂದು ಅರ್ಜಿ ಬರೆದೀವಿ. ಅರ್ಧ ಪುಟ, ಕನ್ನಡದಾಗ. ಕೇಳಿರೋದು ಎರಡೇ: ಇಂಟರ್ನಲ್ಸ್ ದಿನಕ್ಕ ಒಂದೇ ಇರಲಿ, ಪರೀಕ್ಷಾ ಫೀಸಿನ ಕೊನೆಯ ದಿನ ಟೆಸ್ಟ್ ಮುಗಿದ ಮೇಲಿನ ವಾರಕ್ಕೆ ಹೋಗಲಿ. ಯಾರನ್ನೂ ಬೈದಿಲ್ಲ, ಈ ಪೋಸ್ಟಿನ ಸಿಟ್ಟು ಅದರಾಗ ಒಂದು ಅಕ್ಷರನೂ ಇಲ್ಲ. ಮೂವತ್ತೆರಡು ಸಹಿ ಆಗ್ಯಾವ.

ಸೋಮವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಲೈಬ್ರರಿ ಮುಂದಿನ ಕಟ್ಟಿ ಮೇಲೆ ಇರ್ತೀನಿ. ಬರ್ರಿ. ಸಹಿ ಹಾಕೋ ಮೊದಲು ಪೂರ್ತಿ ಓದ್ರಿ, ಬೇಕಾದ್ರ ಪೆನ್ಸಿಲ್ ಕೊಡ್ತೀನಿ.

#ಖಬರ್ #ವಿಜಯಪುರ #ಜಲನಗರ #ಬಿಕಾಂ